ಒಂದು ನಿಮಿಷ ಕೂಸಿನ ಉಸಿರು ಎಣಿಸಿ

ಮೂರು ತಿಂಗಳ ಕೂಸು. ಎರಡು ದಿನದ ಹಿಂದೆ ಬರೀ ನೆಗಡಿ ಇತ್ತು. ಈಗ ಮೊಲೆಗೆ ಬಾಯಿ ಹಚ್ಚಿ ಎರಡು ಗುಟುಕು ಎಳೆಯುತ್ತದೆ, ಉಸಿರು ಸಾಲದೆ ಬಿಟ್ಟುಬಿಡುತ್ತದೆ. ಮೂಗಿನ ಹೊಳ್ಳೆಗಳು ಅರಳುತ್ತವೆ. ಉಸಿರೆಳೆದಾಗಲೆಲ್ಲ ಪಕ್ಕೆಯ ಕೆಳಗೆ ಗುಳಿ ಬೀಳುತ್ತದೆ. ಅಳುವುದಕ್ಕೂ ಅದಕ್ಕೆ ತ್ರಾಣವಿಲ್ಲ. ಮನೆಯಲ್ಲಿ ಯಾರೋ ಹೇಳುತ್ತಾರೆ: ‘ಶೀತ ಅಷ್ಟೇ, ಬೆಳಗಾಗಲಿ ನೋಡೋಣ.’

ಬೆಳಗಾಗುವವರೆಗೆ ಕಾಯಬೇಡಿ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇದು ಬ್ರಾಂಕಿಯೋಲೈಟಿಸ್. ಶ್ವಾಸಕೋಶದ ತುದಿಯ ಸಣ್ಣ ಸಣ್ಣ ನಾಳಗಳು ಊದಿಕೊಂಡು, ಕಫ ಕಟ್ಟಿ, ಗಾಳಿಗೆ ದಾರಿಯಿಲ್ಲದಂತಾಗುತ್ತದೆ. ಬಹುಪಾಲು ಇದು ಆರ್‌ಎಸ್‌ವಿ ಎಂಬ ವೈರಸ್ಸಿನ ಕೆಲಸ. 2019ರಲ್ಲಿ ಈ ವೈರಸ್ ಜಗತ್ತಿನಲ್ಲಿ ಐದು ವರ್ಷದೊಳಗಿನ ಸುಮಾರು 1 ಲಕ್ಷ ಮಕ್ಕಳನ್ನು ಬಲಿ ತೆಗೆದುಕೊಂಡಿತೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಆರು ತಿಂಗಳೂ ತುಂಬಿರಲಿಲ್ಲ. 100ರಲ್ಲಿ 97 ಸಾವುಗಳು ಬಡ ಮತ್ತು ಮಧ್ಯಮ ಆದಾಯದ ದೇಶಗಳವು. ಮುಕ್ಕಾಲು ಪಾಲು ಮಕ್ಕಳು ಸತ್ತದ್ದು ಆಸ್ಪತ್ರೆಯ ಹೊರಗೆ.

ವಿಜ್ಞಾನ ಕೈಕಟ್ಟಿ ಕೂತಿರಲಿಲ್ಲ. 1956ರಲ್ಲಿ ಅಮೆರಿಕದಲ್ಲಿ ಈ ವೈರಸ್ ಮೊದಲು ಚಿಂಪಾಂಜಿಗಳಲ್ಲಿ ಸಿಕ್ಕಿತು. ಸ್ವಲ್ಪ ಕಾಲದಲ್ಲೇ ವಿಜ್ಞಾನಿ ರಾಬರ್ಟ್ ಚಾನಕ್ ಅದನ್ನು ಎಳೆಯ ಮಕ್ಕಳಲ್ಲಿ ಕಂಡರು. 1960ರ ದಶಕದಲ್ಲಿ ಅಲ್ಲಿ ಲಸಿಕೆಯೊಂದರ ಪ್ರಯೋಗ ನಡೆಯಿತು. ಲಸಿಕೆ ಕಾಯಲಿಲ್ಲ, ಕಾಯಿಲೆಯನ್ನೇ ಉಲ್ಬಣಿಸಿತು. ಇಬ್ಬರು ಮಕ್ಕಳು ತೀರಿಕೊಂಡರು. ಆ ಆಘಾತದಿಂದ ಸಂಶೋಧನೆ ಚೇತರಿಸಿಕೊಳ್ಳಲು ದಶಕಗಳೇ ಹಿಡಿದವು. ಜೀವಕೋಶಕ್ಕೆ ನುಗ್ಗುವ ಮುನ್ನ ವೈರಸ್ಸಿನ ಪ್ರೋಟೀನು ಯಾವ ಆಕಾರದಲ್ಲಿರುತ್ತದೆ ಎಂಬುದು 2013ರಲ್ಲಿ ಸ್ಪಷ್ಟವಾಯಿತು. ಆ ಆಕಾರವನ್ನೇ ಗುರಿಯಾಗಿಟ್ಟುಕೊಂಡು ಹತ್ತೇ ವರ್ಷದಲ್ಲಿ ಗರ್ಭಿಣಿಗೆ ಲಸಿಕೆ, ಕೂಸಿಗೆ ಪ್ರತಿಕಾಯದ ಒಂದು ಚುಚ್ಚುಮದ್ದು, ಎರಡೂ ಬಂದವು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವುಗಳಲ್ಲೊಂದನ್ನು ಎಲ್ಲ ದೇಶಗಳೂ ಕೊಡಬೇಕೆಂದು ಹೇಳಿತು.

ಆ ಇಬ್ಬರು ಮಕ್ಕಳ ಋಣ ನಮ್ಮೆಲ್ಲರ ಮೇಲಿದೆ. ಅಂಥ ಬೆಲೆ ತೆತ್ತು ಪಡೆದ ರಕ್ಷಣೆ ದುಡ್ಡಿದ್ದವರ ಮನೆಬಾಗಿಲಲ್ಲೇ ನಿಂತುಬಿಟ್ಟರೆ ಆ ಋಣ ತೀರುವುದು ಹೇಗೆ?

ಆಳುವವರೇ, ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯೂ ಒಂದು ಕಾಲಕ್ಕೆ ದುಡ್ಡಿದ್ದವರ ಮಕ್ಕಳಿಗಷ್ಟೇ ಸಿಗುತ್ತಿತ್ತು. 2021ರಲ್ಲಿ ಅದನ್ನು ದೇಶದುದ್ದಕ್ಕೂ ಉಚಿತವಾಗಿ ಕೊಡಲು ನಮ್ಮಿಂದ ಸಾಧ್ಯವಾಯಿತು. ಆರ್‌ಎಸ್‌ವಿ ರಕ್ಷಣೆಯನ್ನು ಹಾಗೆ ಕೊಡುವುದೂ ಸಾಧ್ಯ. ಅಲ್ಲಿಯವರೆಗೆ, ತಾಲ್ಲೂಕು ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ಹೊಂದುವ ಆಕ್ಸಿಜನ್ ನಳಿಕೆ ನಡುರಾತ್ರಿಯಲ್ಲೂ ಸಿಗುವಂತಿರಲಿ.

ವೈದ್ಯರೇ, ಆಂಟಿಬಯಾಟಿಕ್ ಈ ವೈರಸ್ಸನ್ನು ಕೊಲ್ಲದು. ನೆಬ್ಯುಲೈಸರ್ ಔಷಧ, ಸ್ಟೆರಾಯ್ಡ್‌ಗಳಿಂದ ಬಹುತೇಕ ಮಕ್ಕಳಿಗೆ ಪ್ರಯೋಜನವಿಲ್ಲವೆಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಬೇಕಾಗಿರುವುದು ಆಕ್ಸಿಜನ್, ಹೊಟ್ಟೆಗೆ ಹಾಲು, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುವುದು. ಉದ್ದದ ಚೀಟಿ ಬರೆಯುವ ಬದಲು ಅಪಾಯದ ಗುರುತುಗಳನ್ನು ತಾಯಿಗೆ ತಿಳಿಸಿ ಹೇಳಿ.

ಮನೆಯವರೇ, ಕೂಸಿರುವ ಮನೆಯಲ್ಲಿ ಬೀಡಿ ಸಿಗರೇಟು ಬೇಡ, ಒಲೆಯ ಹೊಗೆ ಕೂಸಿನ ಹತ್ತಿರ ಸುಳಿಯದಿರಲಿ. ನೆಗಡಿಯಾದವರು ಕೂಸಿಗೆ ಮುತ್ತಿಡಬೇಡಿ. ಯಾರೇ ಹೇಳಲಿ, ಆ ಎಳೆಯ ಮೈಗೆ ಬರೆ ಹಾಕಬೇಡಿ. ಎದೆಹಾಲು ನಿಲ್ಲಿಸಬೇಡಿ.

ಅನುಮಾನ ಬಂದರೆ, ಕೂಸು ಅಳದೆ ಮಲಗಿರುವಾಗ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಗಡಿಯಾರ ನೋಡಿಕೊಂಡು ಪೂರಾ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನ ಮಗುವಿಗೆ 40. ಉಸಿರು ಅಷ್ಟು ಮುಟ್ಟಿದರೆ ಅಥವಾ ದಾಟಿದರೆ ಆಸ್ಪತ್ರೆಗೆ ಹೊರಡಿ. ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಬಿಟ್ಟರೆ, ತುಟಿ ನೀಲಿಗಟ್ಟಿದರೆ ಎಣಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಕೂಸಿಗೆ ಮಾತು ಬಾರದು. ಅದು ತನ್ನ ಸಂಕಟವನ್ನು ಹೇಳುವುದು ಉಸಿರಿನಲ್ಲೇ. ಅದನ್ನು ಕೇಳಿಸಿಕೊಳ್ಳಿ, ಈ ರಾತ್ರಿಯೇ ಹೊರಡಿ.