ಗೋಡೆಯ ಮೇಲೆ ಮೂಡಿದ ಮುಖಗಳು

ಹೊಸಪೇಟೆಯಿಂದ ತುಂಗಭದ್ರೆಯನ್ನು ದಾಟಿ, ಜಾತ್ರೆಯ ದಿನ ಹುಲಿಗೆಮ್ಮನ ಗುಡಿಯ ಮುಂದೆ ನಿಂತವರಿಗೆ ಜೋಗತಿಯರ ಪರಿಚಯ ಹೊಸದಲ್ಲ. ತಲೆಯ ಮೇಲೆ ಕೊಡ, ಕೊರಳಲ್ಲಿ ಮಣಿಸರ, ಚೌಡಿಕೆಯ ನಾದಕ್ಕೆ ತಪ್ಪದ ಹೆಜ್ಜೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ಅವರಲ್ಲಿ ಅನೇಕರು. ಜಾತ್ರೆಯ ದಿನ ಜನ ಅವರ ಕಾಲಿಗೆ ಎರಗುತ್ತಾರೆ. ಮರುದಿನ ಅದೇ ಜನ ಅವರಿಗೆ ಬಾಡಿಗೆಗೆ ಮನೆ ಕೊಡಲು ಹಿಂಜರಿಯುತ್ತಾರೆ. ನಮ್ಮ ನಾಡಿನ ಭಕ್ತಿಗೂ ಸಂಸಾರಕ್ಕೂ ನಡುವೆ ಇರುವ ಅಂತರ ಇಷ್ಟು ವಿಚಿತ್ರವಾದುದು.

ಈ ಅಂತರವನ್ನು ಕುಂಚದಿಂದ ಅಳೆಯಹೊರಟ ಸಾಹಸವೊಂದು ಬೆಂಗಳೂರಿನಲ್ಲಿ ನಡೆದಿದೆ. ಚಿತ್ರಕಲಾ ಪರಿಷತ್ತಿನಲ್ಲಿ ಕಲಿತ ಪೂರ್ಣಿಮಾ ಸುಕುಮಾರ್ ಎಂಬ ಭಿತ್ತಿಚಿತ್ರ ಕಲಾವಿದೆ 2016ರಲ್ಲಿ ‘ಅರವಾಣಿ ಆರ್ಟ್ ಪ್ರಾಜೆಕ್ಟ್’ ಎಂಬ ಬಳಗವನ್ನು ಕಟ್ಟಿದರು. ಅರವಾಣಿ ಎಂಬುದು ತಮಿಳು ಮಾತು. ಅರ್ಜುನನ ಮಗ ಅರವಾನನನ್ನು ಕೂವಾಗಂ ಜಾತ್ರೆಯಲ್ಲಿ ವರಿಸಿ, ಮರುದಿನವೇ ವೈಧವ್ಯವನ್ನು ಆಚರಿಸುವವರಿಗೆ ಆ ಹೆಸರು. ಮಂಗಳಮುಖಿಯರನ್ನು ಕುರಿತ ಸಾಕ್ಷ್ಯಚಿತ್ರವೊಂದಕ್ಕೆ ನೆರವಾಗುತ್ತ ಅವರ ಒಡನಾಟಕ್ಕೆ ಬಂದ ಪೂರ್ಣಿಮಾ, ಚಿತ್ರೀಕರಣ ಮುಗಿದ ಮೇಲೂ ಅವರನ್ನು ಬಿಟ್ಟು ಬರಲಿಲ್ಲ.

ಆ ಕಾಲದ ಸನ್ನಿವೇಶವನ್ನು ವಾಚಕರು ನೆನೆಯಬೇಕು. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿದ 36ಎ ಕಲಮು, ಸಂಶಯಕ್ಕೆ ಒಳಗಾದ ಮಂಗಳಮುಖಿಯರ ಹೆಸರು, ನೆಲೆಗಳ ದಾಖಲೆಪುಸ್ತಕವನ್ನು ಇಡಲು ಪೊಲೀಸ್ ಕಮಿಷನರರಿಗೆ ಅಧಿಕಾರ ಕೊಟ್ಟಿತ್ತು. ಸರ್ವೋಚ್ಚ ನ್ಯಾಯಾಲಯ ಇವರನ್ನು ತೃತೀಯ ಲಿಂಗಿಗಳೆಂದು ಮನ್ನಿಸಿದ್ದು 2014ರ ಏಪ್ರಿಲಿನಲ್ಲಿ. ಠಾಣೆಯ ಪುಸ್ತಕದಲ್ಲಿ ಹೆಸರು ಇರಬಹುದಾದವರು ಹಾಡುಹಗಲಲ್ಲಿ, ನಡುಬೀದಿಯಲ್ಲಿ, ಏಣಿಯೇರಿ ಬಣ್ಣ ಬಳಿಯುತ್ತ ನಿಲ್ಲುವುದೆಂದರೆ ಅದು ಕೇವಲ ಅಲಂಕಾರದ ಕೆಲಸವಾಗಿರಲಿಲ್ಲ. ಕೃಷ್ಣರಾಜ ಮಾರುಕಟ್ಟೆಯ ಗೋಡೆಗೆ ಅವರು ಆರಿಸಿಕೊಂಡ ಮಾತು ‘ನಾವು ಇದ್ದೇವೆ’ ಎಂಬುದು. ಹೂವು ತರಕಾರಿಯ ಗದ್ದಲದ ನಡುವೆ ಅದನ್ನು ಓದದೆ ಹೋಗುವುದು ಕಷ್ಟ.

ಇಲ್ಲಿಯ ಶಿಕ್ಷಣಕ್ರಮ ಗಮನಾರ್ಹವಾದುದು. ಬಂದವರಿಗೆ ಚಿತ್ರಕಲೆಯ ಪೂರ್ವಾಭ್ಯಾಸ ಇರಬೇಕೆಂಬ ನಿಯಮವಿಲ್ಲ. ಮೊದಲು ಕುಳಿತು ಮಾತು, ಆ ಮಾತಿನಿಂದ ಚಿತ್ರದ ವಸ್ತು, ಅನಂತರ ಗೋಡೆ. ದೊಡ್ಡ ರೇಖೆ, ಅದರೊಳಗೆ ಒಂದೇ ಹದದ ದಟ್ಟ ಬಣ್ಣ, ದೊಡ್ಡ ಕಣ್ಣಿನ ಹೆಣ್ಣಿನ ಮುಖ, ಹೂವು, ಎಲೆ: ಕೈ ಪಳಗದವರೂ ಮೊದಲ ದಿನವೇ ತುಂಬಬಹುದಾದ ಶೈಲಿ ಇದು. ಛಾಯೆಯ ಸೂಕ್ಷ್ಮತೆಯನ್ನು ಅರಸುವ ಕಲಾಭಿಜ್ಞರಿಗೆ ಇದು ತುಸು ಸರಳವೆಂದು ತೋರಿದರೆ ಆಕ್ಷೇಪವಿಲ್ಲ. ಆದರೆ ಈ ಸರಳತೆಯೇ ಹೊಸಬರನ್ನು ಒಳಗೆ ಬಿಡುವ ಬಾಗಿಲು. ಒಬ್ಬಾಕೆ ಅಂಚು ತಿದ್ದುವುದನ್ನು ಮತ್ತೊಬ್ಬಾಕೆ ಪಕ್ಕದ ಏಣಿಯಿಂದ ನೋಡಿ ಕಲಿಯುತ್ತಾಳೆ.

ಈ ಕ್ರಮ ನಮ್ಮ ಸೀಮೆಗೆ ಅಪರಿಚಿತವೇ? ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿ, ಮನೆಯಿಂದ ದೂರವಾಗಿ, ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದ ಮಂಜಮ್ಮ ಜೋಗತಿ ಕಲಿತದ್ದೂ ಹೀಗೆಯೇ. ಕಾಳವ್ವ ಜೋಗತಿಯ ಮೇಳದಲ್ಲಿ ಊರೂರು ಅಲೆಯುತ್ತ, ಹಸಿವನ್ನೂ ಹಾಡನ್ನೂ ಹಂಚಿಕೊಳ್ಳುತ್ತ ಆಕೆ ಕುಣಿತವನ್ನು ಕೈವಶ ಮಾಡಿಕೊಂಡರು. ಕಾಳವ್ವನ ಕಾಲಾನಂತರ ಮೇಳವನ್ನು ತಾವೇ ಮುನ್ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷಸ್ಥಾನ, 2021ರಲ್ಲಿ ಪದ್ಮಶ್ರೀ. ರಾಷ್ಟ್ರಪತಿಗಳೆದುರು ನಿಂತಾಗ ಆಕೆ ಮೊದಲು ಸೆರಗಿನಿಂದ ಅವರ ದೃಷ್ಟಿ ನಿವಾಳಿಸಿದ್ದನ್ನು ದೇಶವೆಲ್ಲ ಕಂಡಿತು.

ಅರವಾಣಿ ಬಳಗದ ಕುಂಚವೂ ದೂರ ನಡೆಯಿತು. 2024ರಲ್ಲಿ ಇಟಲಿಯ ವೆನಿಸ್ ನಗರದ 60ನೆಯ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ, ಪ್ರಾಚೀನ ನೌಕಾನಿರ್ಮಾಣಶಾಲೆಯಾದ ಆರ್ಸೆನಾಲೆಯಲ್ಲಿ, ‘ಡಯಾಸ್ಪೋರ್’ ಎಂಬ ಭಿತ್ತಿಚಿತ್ರವನ್ನು ಈ ಬಳಗ ರಚಿಸಿತು. ‘ಎಲ್ಲೆಲ್ಲಿಯೂ ಪರಕೀಯರು’ ಎಂಬುದು ಆ ವರ್ಷದ ಪ್ರದರ್ಶನದ ಶೀರ್ಷಿಕೆ. ಸ್ವಂತ ಮನೆಯಲ್ಲೇ ಪರಕೀಯರಾದವರಿಗೆ ಆ ವಿಷಯವನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಬೀದಿಯ ಗೋಡೆಚಿತ್ರಕ್ಕೆ ಆಯುಸ್ಸು ಕಡಮೆ, ನಿಜ. ಮಳೆ, ಬಿಸಿಲು, ಭಿತ್ತಿಪತ್ರ ಅಂಟಿಸುವವರ ಉತ್ಸಾಹ, ಎಲ್ಲವೂ ಅದಕ್ಕೆ ಶತ್ರುಗಳೇ. ಹಂಪೆಯ ವಿರೂಪಾಕ್ಷನ ರಂಗಮಂಟಪದ ಮೇಲ್ಛಾವಣಿಯಲ್ಲಿ ಗಿರಿಜಾಕಲ್ಯಾಣವೂ ವಿದ್ಯಾರಣ್ಯರ ಪಲ್ಲಕ್ಕಿಯ ಮೆರವಣಿಗೆಯೂ ಇಂದಿಗೂ ಕಾಣುತ್ತವೆ. ಅಲ್ಲಿ ಪಲ್ಲಕ್ಕಿ ಹೊತ್ತವರೂ ಕಾಣುತ್ತಾರೆ. ಕುಂಚ ಹಿಡಿದವರ ಹೆಸರು ಮಾತ್ರ ನೋಡುವವರಿಗೆ ತಿಳಿಯದು. ಬೆಂಗಳೂರಿನ ಗೋಡೆ ಬಾಳುವುದು ಅಲ್ಪಕಾಲವಾದರೂ ಅದನ್ನು ಬರೆದವರು ಯಾರೆಂಬುದು ದಾರಿಹೋಕರಿಗೆ ಗೊತ್ತು; ಏಣಿಯ ಮೇಲೆ ಅವರನ್ನು ಕಂಡಿದ್ದಾರೆ, ಮಾತನಾಡಿಸಿದ್ದಾರೆ.

ಹೊಸಪೇಟೆಯಲ್ಲೂ ಸಂಡೂರು ಕಂಪ್ಲಿಗಳಲ್ಲೂ ಜಾಹೀರಾತಿನಿಂದ ಕೊಳೆತ ಗೋಡೆಗಳಿಗೆ ಅಭಾವವಿಲ್ಲ. ಮರಿಯಮ್ಮನಹಳ್ಳಿ ಹೊಸಪೇಟೆಗೆ ದೂರವೂ ಅಲ್ಲ. ನಗರಸಭೆಯವರು ಒಂದು ಗೋಡೆಗೆ ಸುಣ್ಣ ಬಳಿಸಿ ಕೊಟ್ಟರೆ ಸಾಕು. ಜೋಗತಿಯರ ಕೊಡವನ್ನೂ ಚೌಡಿಕೆಯನ್ನೂ ಬರೆಯಬಲ್ಲ ಕೈಗಳು ಹತ್ತಿರದಲ್ಲೇ ಇರಬೇಕು.