ಉಪದೇಶ ಸಾಕು, ಮೊದಲು ತಟ್ಟೆ ನೋಡಿ



ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊನ್ನೆ ನಮ್ಮ ಕಡೆಯ ಒಂದು ವಾಟ್ಸಾಪ್ ಗುಂಪಿನಲ್ಲಿ ವಿಡಿಯೊ ಬಂತು. ಬೆಳಿಗ್ಗೆ ಐದಕ್ಕೆ ಏಳಿ, ಬಿಸಿನೀರು ಕುಡಿಯಿರಿ, ಅರ್ಧ ಗಂಟೆ ನಡೆಯಿರಿ, ಮಾಂಸ ಮೊಟ್ಟೆ ಬಿಟ್ಟು ಸಾತ್ವಿಕ ಆಹಾರ ತಿನ್ನಿ, ಮೈಯೂ ಶುದ್ಧ ಮನಸ್ಸೂ ಶುದ್ಧ ಅಂತ. ಹೇಳಿದವರು ಯಾರೋ ದೊಡ್ಡವರು, ಹೆಸರು ಬೇಡ. ಅಂಥವರ ಮಾತು ನಮಗೆ ಹೊಸತಲ್ಲ. ಆದರೆ ಕೆಳಗೆ ಕೈ ಮುಗಿದವರಲ್ಲಿ ನಮ್ಮ ಕೇರಿಯ ಹುಡುಗರೂ ಇದ್ದರು. ಇದನ್ನು ಬರೀತಿರೋದು ಅವರಿಗಾಗಿ.

ಐದಕ್ಕೆ ಏಳಿ ಅಂತ ಯಾರಿಗೆ ಹೇಳ್ತಿದ್ದೀರಿ ಮಾರಾಯ್ರೆ? ನಮ್ಮ ಮನ್ಮನೆ ಕಡೆ ಬನ್ನಿ, ಸಿದ್ದಾಪುರ, ಶಿರಸಿ, ಯಲ್ಲಾಪುರದ ಯಾವ ಕೇರಿಗಾದರೂ ಹೋಗಿ. ತೋಟದ ಕೆಲಸಕ್ಕೆ ಹೋಗುವ ಹೆಂಗಸು ಐದಕ್ಕೆ ಎದ್ದು ಒಲೆ ಹಚ್ಚಿ ಆಗಿರ್ತದೆ. ಆಮೇಲೆ ನೀರು, ಮಕ್ಕಳು, ಬುತ್ತಿ, ಗುಡ್ಡ ಹತ್ತಿಳಿದು ತೋಟ. ಕೊಯ್ಲಿನ ಕಾಲಕ್ಕೆ ಕೊನೆ ಹೊರುವುದು, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವುದು. ಗಂಡಸರು ಮಳೆಯಲ್ಲಿ ಜಾರುವ ಮರ ಹತ್ತಿ ಮದ್ದು ಹೊಡೀತಾರೆ. ಇವರ ಕೈಗೆ ಸ್ಮಾರ್ಟ್ ವಾಚ್ ಕಟ್ಟಿದರೆ ನಿಮ್ಮ ಹತ್ತು ಸಾವಿರ ಹೆಜ್ಜೆ ಮಧ್ಯಾಹ್ನದ ಊಟಕ್ಕೆ ಮೊದಲೇ ಮುಗೀತದೆ. ಹಾಗಾದರೆ ನಮ್ಮ ಕೇರಿ ಜಿಲ್ಲೆಯಲ್ಲೇ ಗಟ್ಟಿ ಆರೋಗ್ಯದ ಜಾಗ ಆಗಬೇಕಿತ್ತಲ್ಲ? ನಲವತ್ತೈದಕ್ಕೆ ಮಂಡಿ ಹೋಗಿ, ಐವತ್ತಕ್ಕೆ ಬಿಪಿ, ಶುಗರು ಹಿಡಿದು, ದೊಡ್ಡ ಕಾಯಿಲೆ ಅಂದ ಕೂಡಲೇ ಶಿವಮೊಗ್ಗಕ್ಕೋ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡೋರು ಯಾರು ಹಾಗಾದರೆ?

ದುಡಿಮೆಯೂ ವ್ಯಾಯಾಮವೂ ಒಂದೇ ಅಲ್ಲ. ಇದು ನನ್ನ ಮಾತಲ್ಲ. ಬಿಡುವಿನಲ್ಲಿ ಮಾಡುವ ವ್ಯಾಯಾಮ ಹೃದಯವನ್ನು ಕಾಯುವ ಹಾಗೆ ಹೊಟ್ಟೆಪಾಡಿನ ಭಾರೀ ಶ್ರಮ ಕಾಯುವುದಿಲ್ಲ ಅಂತ ಡೆನ್ಮಾರ್ಕಿನ ಸಂಶೋಧಕರು ವರ್ಷಗಳಿಂದ ತೋರಿಸ್ತಾ ಬಂದಿದ್ದಾರೆ. ಕಾರಣ ಅರ್ಥ ಮಾಡ್ಕೊಳ್ಳೋದು ಕಷ್ಟ ಅಲ್ಲ. ವ್ಯಾಯಾಮ ಮಾಡುವವ ದಣಿದಾಗ ನಿಲ್ಲಿಸ್ತಾನೆ, ನೀರು ಕುಡೀತಾನೆ, ನಾಳೆ ಬೇಕಾದರೆ ರಜೆ ಹಾಕ್ತಾನೆ. ಕೂಲಿಯವಳು ದಣಿದಾಗ ನಿಲ್ಲಿಸಿದರೆ ಸಂಬಳ ನಿಲ್ತದೆ. ದಿನವಿಡೀ ಒಂದೇ ಕಡೆ ಬಗ್ಗಿದ ಸೊಂಟ, ಒಂದೇ ಬದಿಗೆ ಭಾರ ಹೊತ್ತ ಹೆಗಲು, ರಾತ್ರಿ ಅರ್ಧಂಬರ್ಧ ನಿದ್ದೆ. ಇದಕ್ಕೆ ‘ಹಳ್ಳಿಯವರು ಗಟ್ಟಿ ಬಿಡಿ’ ಅಂತ ಹೆಸರಿಟ್ಟು ಕೂಲಿ ಕಡಿಮೆ ಕೊಡೋರು ನಮ್ಮಲ್ಲೇ ಇದ್ದಾರೆ.

ಇನ್ನು ತಟ್ಟೆ. ಬೆಳಿಗ್ಗೆ ಸಕ್ಕರೆ ಸುರಿದ ಚಾ. ಮಧ್ಯಾಹ್ನ ಅನ್ನ, ನೀರು ಸಾರು. ರಾತ್ರಿ ಮತ್ತೆ ಅನ್ನ, ಅದೇ ಸಾರು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರಡಿಸಿತು. ದಿನದ ಶಕ್ತಿಯಲ್ಲಿ ಅಕ್ಕಿ, ಗೋಧಿಯಂಥ ಧಾನ್ಯದ ಪಾಲು 45% ದಾಟಬಾರದು, ಬೇಳೆಕಾಳು, ಮೊಟ್ಟೆ, ಮೀನು, ಮಾಂಸ, ತರಕಾರಿ ಹೆಚ್ಚಬೇಕು ಅಂತ ಅದು ಹೇಳ್ತದೆ. ದೇಶದ ಕಾಯಿಲೆಗಳ ಹೊರೆಯಲ್ಲಿ 56.4% ಕೆಟ್ಟ ಆಹಾರಕ್ರಮದಿಂದಲೇ ಬರೋದು ಅಂತಲೂ ಅದರಲ್ಲಿದೆ. ಅದೇ ಸಂಸ್ಥೆಯ ಲೆಕ್ಕದಲ್ಲಿ 60 ಕೆಜಿ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ. ನೂರು ಗ್ರಾಂ ತೊಗರಿಬೇಳೆಯಲ್ಲೋ ಹುರುಳಿಯಲ್ಲೋ ಇಪ್ಪತ್ತರ ಮೇಲೆ. ನಮ್ಮ ಸಾರಿನಲ್ಲಿ ಬೇಳೆ ಎಷ್ಟಿರ್ತದೆ ಅಂತ ಸೌಟು ಹಾಕಿದವರಿಗೆ ಗೊತ್ತು.

ಅನ್ನಭಾಗ್ಯವನ್ನು ಹೀಯಾಳಿಸುವವರ ಜೊತೆ ನಾನಿಲ್ಲ, ಇದನ್ನು ಸ್ಪಷ್ಟ ಹೇಳ್ತೀನಿ. 2013ರಿಂದ ಈಚೆಗೆ ನಮ್ಮ ಮನೆಗಳಲ್ಲಿ ಒಲೆ ಹೊತ್ತದ ದಿನ ಇಲ್ಲ ಅಂದರೆ ಆ ಅಕ್ಕಿಯಿಂದ. ‘ಪುಕ್ಕಟೆ ಅಕ್ಕಿ ತಿಂದು ಸೋಮಾರಿ ಆದ್ರು, ಕೆಲಸಕ್ಕೆ ಆಳು ಸಿಗೋದಿಲ್ಲ’ ಅನ್ನೋ ತೋಟದ ಯಜಮಾನರ ಗೊಣಗಾಟದ ಅರ್ಥ ಇಷ್ಟೇ, ಹೊಟ್ಟೆ ತುಂಬಿದ ಆಳು ಕೂಲಿ ಚೌಕಾಸಿ ಮಾಡ್ತಾನೆ. ಆದರೆ ಹಸಿವು ನೀಗಿದ್ದು ಬೇರೆ, ಮೈ ಕಟ್ಟಿದ್ದು ಬೇರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ. ಅಕ್ಕಿ ಜೊತೆ ಬೇಳೆ, ಎಣ್ಣೆ, ಮೊಟ್ಟೆ ಕೇಳೋಣ. ಅಕ್ಕಿ ಬಿಟ್ಟುಕೊಟ್ಟು ಅಲ್ಲ.

ಮೊಟ್ಟೆ ಅಂದ ತಕ್ಷಣ ನೆನಪಾಯ್ತಲ್ಲ? 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗಿಳಿಯುವ ಮಾತಾಡಿದರು. ಗಂಗಾವತಿಯ ಒಬ್ಬ ವಿದ್ಯಾರ್ಥಿನಿ, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಕ್ಯಾಮೆರಾ ಮುಂದೆ ಹೇಳಿದಳು. ಪೌಷ್ಟಿಕತೆ ಬಗ್ಗೆ ಆ ವರ್ಷ ಈ ರಾಜ್ಯದಲ್ಲಿ ಯಾರಾದರೂ ಸರಿಯಾಗಿ ಮಾತಾಡಿದ್ದರೆ ಅದು ಆ ಹುಡುಗಿ. 2022ರಲ್ಲಿ ಹೊಸ ಶಿಕ್ಷಣ ನೀತಿಗಾಗಿ ನಮ್ಮ ರಾಜ್ಯದಿಂದ ಹೋದ ಒಂದು ತಜ್ಞರ ವರದಿ, ಮೊಟ್ಟೆ ಮಾಂಸದಿಂದ ಜೀವನಶೈಲಿ ಕಾಯಿಲೆ ಬರ್ತದೆ ಅಂತ ಬರೀತು. ಮೂಳೆ ಕಾಣುವ ಮಕ್ಕಳಿಗೆ ಬೊಜ್ಜಿನ ಭಯ ಹುಟ್ಟಿಸೋರಿಗೆ ಎಂತ ಹೇಳೋದು! ಈಗ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ದುಡ್ಡು ಸೇರಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಇದೆ, ಬೇಡದವರಿಗೆ ಬಾಳೆಹಣ್ಣು ಇದೆ. ಯಾರ ಬಾಯಿಗೂ ಯಾರೂ ತುರುಕ್ತಿಲ್ಲ. ಆದರೂ 2025ರಲ್ಲಿ ಮಂಡ್ಯ ಜಿಲ್ಲೆಯ ಆಲಕೆರೆಯಲ್ಲಿ ದೇವಸ್ಥಾನದ ಹತ್ತಿರದ ಶಾಲೆಯಲ್ಲಿ ಮೊಟ್ಟೆ ಬೇಯಿಸಬಾರದು ಅಂತ ಪೋಷಕರು ಮಕ್ಕಳನ್ನೇ ಶಾಲೆ ಬಿಡಿಸಿದರು. ಪಕ್ಕದ ಮಗು ತಿನ್ನೋದನ್ನೂ ಸಹಿಸೋದಿಲ್ಲ ಅನ್ನೋದಕ್ಕೆ ಆರೋಗ್ಯದ ಮಾತು ಅನ್ನಬೇಕಾ?

‘ಸಾತ್ವಿಕ’ ಅನ್ನೋ ಪದ ಕೆಲಸ ಮಾಡೋದೇ ಹೀಗೆ. ಅದು ಊಟದ ಹೆಸರು ಹೇಳಿ ತಿನ್ನುವವರನ್ನು ಅಳೀತದೆ. ನಮ್ಮ ಚನ್ನಯ್ಯ, ಹಸಲರ ಕೇರಿಗಳಲ್ಲಿ ನಾವು ತಿಂದದ್ದು ಎಂತದ್ದು? ಹಳ್ಳದ ಮೀನು, ಗದ್ದೆಯ ಏಡಿ, ಮಳೆಗಾಲದ ಅಣಬೆ, ಕಳಲೆ, ಕೆಸುವಿನ ಸೊಪ್ಪು, ಚಗಳಿ ಚಟ್ನಿ, ಹುರುಳಿ, ಘಟ್ಟದ ಕೆಳಗಿಂದ ಬರುವ ಒಣಮೀನು. ದೊಡ್ಡಿನ ಮಾಂಸ. ಪೌಷ್ಟಿಕ ತಜ್ಞರು ಕೂತು ಪಟ್ಟಿ ಮಾಡಿದರೆ ಇದಕ್ಕಿಂತ ಬೇರೆ ಬರೆಯೋದು ಕಷ್ಟ. ಕೆಂಪಿರುವೆ ಚಟ್ನಿ ಈಗ ಪೇಟೆಯವರಿಗೆ ರೀಲ್ಸ್ ಮಾಡುವ ಅಪರೂಪದ ತಿಂಡಿ. ನಮ್ಮಜ್ಜಿ ತಿಂದಾಗ ಕಾಡುಜನ ಅಂತಿದ್ದರು. 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ ಬಂದ ಮೇಲಂತೂ ಬಡವರ ಅಗ್ಗದ ಪ್ರೋಟೀನು ಮೂರರಿಂದ ಏಳು ವರ್ಷ ಜೈಲಿನ ಅಪರಾಧಕ್ಕೆ ತಳುಕು ಹಾಕ್ಕೊಂಡಿದೆ. ಅದೇ ಹೊತ್ತಿಗೆ ಶಿರಸಿ ಪೇಟೆಯ ಜಿಮ್ಮಿಗೆ ಹೋಗುವ ನಮ್ಮ ಹುಡುಗ ಎರಡು ಮೂರು ಸಾವಿರ ಕೊಟ್ಟು ಪ್ರೋಟೀನು ಪುಡಿ ಡಬ್ಬಿ ತರ್ತಾನೆ. ಪುಡಿ ಬೇಡ ಅಂತ ಆ 2024ರ ಮಾರ್ಗಸೂಚಿಯೇ ಹೇಳ್ತದೆ ತಮ್ಮಾ. ಆ ದುಡ್ಡಲ್ಲಿ ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಮೊಟ್ಟೆ, ಶೇಂಗಾ ಬರ್ತದೆ.

ಈ ಊಟ ಕೈ ತಪ್ಪಿದ್ದು ಹೇಗೆ ಅನ್ನೋದೂ ಆರೋಗ್ಯದ ಪ್ರಶ್ನೆಯೇ. ಅಡಿಕೆ ತೋಟ ಇದ್ದವರಿಗೆ ತೋಟದ ಹಲವು ಪಟ್ಟು ಸೊಪ್ಪಿನ ಬೆಟ್ಟ ಬ್ರಿಟಿಷರ ಕಾಲದಿಂದ ಇದೆ. ತೋಟ ಇಲ್ಲದವರಿಗೆ ಬೆಟ್ಟವೂ ಇಲ್ಲ, ಮನೆ ಹಿಂದೆ ನಾಲ್ಕು ಬಸಳೆ ಬಳ್ಳಿ ಹಬ್ಬಿಸುವ ಜಾಗವೂ ಇಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನದ ಮೇಲೆ, ಹಳ್ಳ ಕೆರೆಯ ಮೀನಿನ ಮೇಲೆ ಹಕ್ಕು ಕೊಡ್ತದೆ. ಆದರೆ ನಮ್ಮಂಥ ಬುಡಕಟ್ಟಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲಿದ್ದದ್ದಕ್ಕೆ ಸಾಕ್ಷಿ ತರಬೇಕು. ಬೇರೆಯವರ ಅಂಗಳದಲ್ಲಿ ನಿಲ್ಲೋಕೂ ಬಿಡದ ಕಾಲದಲ್ಲಿ ನಮ್ಮಜ್ಜನ ಹೆಸರು ಯಾವ ಕಾಗದದಲ್ಲಿ ಬರೆದಿರ್ತಾರೆ?

ಕಾಡಿನ ನಡಿಗೆ ಆರೋಗ್ಯಕ್ಕೆ ಒಳ್ಳೇದು ಅಂತ ಹೋಮ್‌ಸ್ಟೇಗಳ ಬೋರ್ಡು ನೋಡಿದ್ದೀರಲ್ಲ. ಅದೇ ಕಾಡಿಗೆ ದರಕು ತರಲು ಹೋಗುವ ನಮ್ಮ ಹೆಂಗಸರಿಗೆ ಉಣ್ಣಿ ಕಚ್ತದೆ. ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. 2024ರಲ್ಲೂ ಸಿದ್ದಾಪುರ ತಾಲೂಕಿನಲ್ಲಿ ಜೀವ ತೆಗೆದಿದೆ. ಬೇಸಿಗೆ ಬಂದರೆ ಮೈಗೆ ಹಚ್ಚುವ ಡೆಪಾ ಎಣ್ಣೆ ಬಂತಾ ಅಂತ ಕೇಳ್ಕೊಂಡು ಆರೋಗ್ಯ ಕೇಂದ್ರದ ಬಾಗಿಲಿಗೆ ಅಲೆಯೋದು ಇರ್ತದೆ.

ಮೈ ಕಟ್ಟುವುದು ಹೇಗೆ ಅಂತ ಈ ನಾಡಿಗೆ ಗೊತ್ತಿಲ್ಲದ್ದೇನೂ ಅಲ್ಲ. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ತಗೊಂಡು ಹೋಯ್ತು. ಆಫ್ರಿಕಾದ ರಕ್ತ, ಚೆನ್ನಾಗಿ ಓಡ್ತಾರೆ ಅನ್ನೋ ಜನಾಂಗದ ತಲೆಕೆಟ್ಟ ಲೆಕ್ಕ ಅದರ ಹಿಂದಿತ್ತು, ಅದನ್ನು ನಾನು ಒಪ್ಪೋದಿಲ್ಲ. ಹಾಸ್ಟೆಲು, ಕೋಚು, ದಿನಾ ಸರಿಯಾದ ಊಟ ಸಿಕ್ಕರೆ ಯಾವ ಕೇರಿಯ ಮಗುವೂ ಓಡ್ತದೆ. ಕಾಡಿನ ಮನೆಗಳಿಂದ ಹೋದ ಮಕ್ಕಳು ರಾಷ್ಟ್ರಮಟ್ಟದ ಮೈದಾನ ನೋಡಿದರು. 1993ರಲ್ಲಿ ಯೋಜನೆ ನಿಲ್ಲಿಸಿದರು. ಮಕ್ಕಳು ವಾಪಸು ಬಂದರು, ಎಷ್ಟೋ ಜನ ಮತ್ತೆ ಕೂಲಿಗೆ. ರಕ್ತ ಅದೇ ಇತ್ತು, ಊಟ ಕೋಚು ಇರಲಿಲ್ಲ.

ಇಷ್ಟೂ ಎದುರಿನವರಿಗೆ ಹೇಳಿದ್ದಾಯ್ತು. ಈಗ ನಮ್ಮವರಿಗೆ. ಇಲ್ಲಿ ಲೈಕು ಕಡಿಮೆ ಬೀಳ್ತದೆ, ಬೀಳಲಿ.

ವಾಕಿಂಗು, ಡಯಟ್ಟು ಎಲ್ಲ ಹೊಟ್ಟೆ ತುಂಬಿದವರ ಚಟ ಅಂತ ನಮ್ಮ ಎಷ್ಟೋ ಸಂಗಾತಿಗಳು ನಗ್ತಾರೆ. ನಗುತ್ತಲೇ ನಮ್ಮ ಸಂಘಟನೆಗಳ ಒಳ್ಳೊಳ್ಳೆ ಮಾತುಗಾರರು, ಹಾಡುಗಾರರು ಐವತ್ತೈದರ ಆಸುಪಾಸಿನಲ್ಲಿ ಹೋದರು. ಶುಗರು, ಹಾರ್ಟು, ಲಿವರು. ಶ್ರದ್ಧಾಂಜಲಿ ಸಭೆಯಲ್ಲಿ ‘ಹೋರಾಟಕ್ಕೆ ಜೀವ ತೇದರು’ ಅಂತೀವಿ. ಕೆಲವರನ್ನು ತೇದದ್ದು ಸಾರಾಯಿ ಅಂತ ಹೇಳೋ ಧೈರ್ಯ ಇಲ್ಲ. ಗುಟ್ಕಾ 2013ರಿಂದ ರಾಜ್ಯದಲ್ಲಿ ನಿಷೇಧ, ನಮ್ಮ ಸಭೆಯ ಗೋಡೆ ಮೂಲೆ ನೋಡಿದರೆ ಹಾಗನಿಸೋದಿಲ್ಲ. ಅಡಿಕೆ ಸೀಮೆಯಲ್ಲಿ ಕೂತು ಇನ್ನೊಂದನ್ನೂ ಹೇಳಿಬಿಡ್ತೀನಿ. ತಂಬಾಕು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಬರೆದಿದೆ. ಬೆಳೆಗಾರರ ಸಂಘದವರು ಬೈದುಕೊಳ್ಳಲಿ. ತೋಟ ಅವರದ್ದು, ಅಗಿದು ಬಾಯಿ ಸುಟ್ಟುಕೊಳ್ಳೋದು ನಾವು.

ಬಾಬಾಸಾಹೇಬರಿಗೆ ಸಕ್ಕರೆ ಕಾಯಿಲೆ ಇತ್ತು. 1948ರಲ್ಲಿ ಅವರನ್ನು ಮದುವೆಯಾದ ಸವಿತಾ ಡಾಕ್ಟರು, ಊಟ ಔಷಧಿ ನೋಡಿಕೊಂಡವರು ಅವರೇ. ಆದರೂ 1956ರ ಡಿಸೆಂಬರ್ 6ಕ್ಕೆ, 65ನೇ ವಯಸ್ಸಿಗೆ ಹೋದರು. ದೀಕ್ಷೆ ಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ. ಬುದ್ಧನ ಮೇಲಿನ ಅವರ ದೊಡ್ಡ ಪುಸ್ತಕ ಅಚ್ಚಾಗಿ ಬಂದದ್ದು ಮರುವರ್ಷ, ಅವರು ನೋಡಲಿಲ್ಲ. ಆ ಮೈ ಇನ್ನು ಹತ್ತು ವರ್ಷ ನಡೆದಿದ್ದರೆ ನಮ್ಮ ಕಥೆ ಎಲ್ಲಿರ್ತಿತ್ತು ಅಂತ ಎಷ್ಟು ರಾತ್ರಿ ಯೋಚನೆ ಮಾಡಿದ್ದೀನಿ. ಮೈ ನೋಡಿಕೊಳ್ಳೋದು ಶ್ರೀಮಂತರ ಚಟ ಅನ್ನೋರು ಒಂದು ಸಲ ಇದನ್ನು ಯೋಚಿಸಿ.

‘ಬಾಡೇ ನಮ್ಮ ಗಾಡು’ ಅಂತ 2024ರ ಮಂಡ್ಯ ಸಾಹಿತ್ಯ ಸಮ್ಮೇಳನದ ಹೊತ್ತಿಗೆ ಕೂಗು ಎದ್ದಾಗ ನಾನೂ ಖುಷಿಪಟ್ಟೆ. ಆದರೆ ತಿಂಗಳಿಗೊಮ್ಮೆ ಎಣ್ಣೆ ತೇಲುವ ಬಾಡೂಟ, ಉಳಿದ ಇಪ್ಪತ್ತೊಂಬತ್ತು ದಿನ ಬಿಳಿ ಅನ್ನ ಅಂದರೆ ಅದರಿಂದ ಮೈ ಕಟ್ಟೋದಿಲ್ಲ. ಒಣಮೀನು ನಮ್ಮ ಹೆಮ್ಮೆ, ಹೌದು. ಬಿಪಿ ಇದ್ದವರು ನೀರಲ್ಲಿ ನೆನೆಸಿ ಉಪ್ಪು ಬಿಡಿಸಿ ತಿನ್ನಬೇಕು, ಅದೂ ಹೌದು. ದಿನಕ್ಕೆ ಉಪ್ಪು 5 ಗ್ರಾಂ ಸಾಕು, ಅಂದರೆ ಒಂದು ಚಹಾ ಚಮಚ. ಸಕ್ಕರೆ ಚಾ ದಿನಕ್ಕೆ ಆರು ಕುಡಿಯೋದು ಯಾವ ಅಂಬೇಡ್ಕರ್‌ವಾದದಲ್ಲೂ ಬರೆದಿಲ್ಲ.

ನಮ್ಮ ಹೆಣ್ಣುಮಕ್ಕಳ ವಿಷಯ ಇನ್ನೂ ಬಾಕಿ ಇದೆ. ಸಂಜೆ ಮೈದಾನದಲ್ಲಿ ವಾಲಿಬಾಲ್ ಆಡೋದು ಗಂಡುಹುಡುಗರು ಮಾತ್ರ. ಹುಡುಗಿಯರಿಗೆ ಕೊಡ, ಪಾತ್ರೆ. ಊಟದಲ್ಲೂ ಮೀನಿನ ನಡುತುಂಡು ಯಾರ ತಟ್ಟೆಗೆ ಬೀಳ್ತದೆ, ತಲೆ ಬಾಲ ಯಾರಿಗೆ ಉಳೀತದೆ ಅಂತ ಇವತ್ತು ರಾತ್ರಿ ನಿಮ್ಮನೆಯಲ್ಲೇ ನೋಡಿ. ರಕ್ತಹೀನತೆಯ ಅಂಕಿ ಅಲ್ಲೇ ಹುಟ್ಟೋದು. ಇದಕ್ಕೆ ಮನುವಾದಿಗಳನ್ನು ಬೈದು ಕೂರೋಕೆ ಆಗೋದಿಲ್ಲ, ಬಡಿಸೋ ಕೈ ನಮ್ಮ ಮನೆಯದ್ದು.

ಮುಂದಿನ ತಿಂಗಳ ನಮ್ಮ ಸಿದ್ದಾಪುರ ಸಭೆಗೆ ಕೆಲವು ಬದಲಾವಣೆ ಮಾಡಿದ್ದೇವೆ. ಬೆಳಿಗ್ಗೆ ಬಂದ ಕೂಡಲೇ ಆಶಾ ಅಕ್ಕನವರ ಸಹಾಯದಿಂದ ಎಲ್ಲರ ಬಿಪಿ, ಶುಗರು ನೋಡೋದು, ನಾಯಕರದ್ದು ಮೊದಲು. ಊಟಕ್ಕೆ ಅನ್ನ ಅಳತೆಯಲ್ಲಿ, ಹುರುಳಿ ಸಾರು ಗಟ್ಟಿ, ಸೊಪ್ಪಿನ ಪಲ್ಯ, ಮೀನು ಅಥವಾ ಮೊಟ್ಟೆ, ಬೇಡದವರಿಗೆ ಹುರಿದ ಶೇಂಗಾ. ಜಿಲೇಬಿ ಇಲ್ಲ. ಬಡಿಸೋದು ಗಂಡಸರು, ಹೆಂಗಸರು ಮೊದಲ ಪಂಕ್ತಿ. ಗುಟ್ಕಾ ಹಾಕ್ಕೊಂಡವರಿಗೆ ಮೈಕ್ ಕೊಡೋದಿಲ್ಲ. ಪಂಚಾಯ್ತಿಗೆ ಕೊಡುವ ಮನವಿಯಲ್ಲಿ ಮೊದಲ ಸಾಲು ಕೇರಿ ಹತ್ತಿರ ಹೆಣ್ಣುಮಕ್ಕಳ ಆಟಕ್ಕೆ ಮೈದಾನ, ಎರಡನೇದು ಪಡಿತರದಲ್ಲಿ ಬೇಳೆ. ಜಿಲೇಬಿ ಬಗ್ಗೆ ಈಗಾಗಲೇ ಇಬ್ಬರು ಫೋನ್ ಮಾಡಿ ಜಗಳ ಆಡಿದ್ದಾರೆ. ಇನ್ನೂ ಯಾರಿಗಾದರೂ ತಕರಾರಿದ್ದರೆ ಸಭೆಗೇ ಬನ್ನಿ, ಶುಗರು ನೋಡಿಸಿಕೊಂಡು ಆಮೇಲೆ ಮಾತಾಡೋಣ.

ಜೈಭೀಮ್.