ಶಾಲೆಯ ಗೇಟಿನಿಂದ ನೂರು ಮೀಟರ್

ಶಾಲೆ ಹತ್ತಿರ ಬಾರ್ ಬರುತ್ತದೆ ಅಂತ ಸುದ್ದಿ ಹಬ್ಬಿದ ಕೂಡಲೇ ನಮ್ಮಲ್ಲಿ ಆಗುವ ಕೆಲಸ ಗೊತ್ತೇ ಇದೆ. ಬ್ಯಾನರ್, ಜುಮಾ ಬಳಿಕ ಸಹಿ ಸಂಗ್ರಹ, ನಾಲ್ಕು ಭಾಷಣ, ಒಂದು ಮನವಿ. ಅಷ್ಟೊತ್ತಿಗೆ ಒಳಗೆ ಕೌಂಟರ್ ಕೆಲಸ ಮುಗಿದಿರುತ್ತದೆ. ಪ್ರತಿಭಟನೆ ಬೇಡ ಅಂತಲ್ಲ. ಆದರೆ ಈ ಜಗಳದಲ್ಲಿ ಗೆಲುವು ಇರುವುದು ಅಳತೆಯ ಟೇಪಿನಲ್ಲಿ, ಅದೂ ಲೈಸೆನ್ಸಿಗೆ ಸಹಿ ಬೀಳುವ ಮೊದಲು.

ಹೊಸ ಬಾರ್ ಎಂದು ನಾವು ಕರೆಯುವುದು ಹೆಚ್ಚಾಗಿ ಹಳೆ ಲೈಸೆನ್ಸಿನ ಸ್ಥಳಾಂತರ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಎಂದಿತು. ಮುಂದಿನ ಮಾರ್ಚ್‌ನಲ್ಲಿ, 20 ಸಾವಿರದೊಳಗೆ ಜನ ಇರುವ ಊರುಗಳಿಗೆ ಅದನ್ನು 220 ಮೀಟರಿಗೆ ಇಳಿಸಿತು. ಉದ್ದೇಶ ಒಳ್ಳೆಯದೇ, ರಸ್ತೆಯಲ್ಲಿ ಪ್ರಾಣ ಉಳಿಯಲಿ ಅಂತ. ಆದರೆ ಹೆದ್ದಾರಿ ಬಿಟ್ಟ ಅಂಗಡಿಗಳು ಹೋದದ್ದೆಲ್ಲಿಗೆ? ಒಳರಸ್ತೆಗೆ, ಮನೆಗಳ ನಡುವೆ, ಮಕ್ಕಳು ನಡೆದು ಹೋಗುವ ದಾರಿಗೆ.

ಕರ್ನಾಟಕದ 1967ರ ಅಬಕಾರಿ ಲೈಸೆನ್ಸ್ ನಿಯಮದಲ್ಲಿ ಐದನೇ ನಿಯಮ ಓದಿ. ಶಾಲೆ, ಆಸ್ಪತ್ರೆ, ಆರಾಧನಾಲಯದಿಂದ 100 ಮೀಟರ್ ಒಳಗೆ ಅಂಗಡಿಗೆ ಲೈಸೆನ್ಸ್ ಇಲ್ಲ. ಕಿತಾಪತಿ ಇರುವುದು ಅಳೆಯುವುದರಲ್ಲಿ. ಹಕ್ಕಿ ಹಾರುವ ನೇರದಲ್ಲಿ ಅಲ್ಲ, ಜನ ಮಾಮೂಲಿ ನಡೆಯುವ ಹತ್ತಿರದ ದಾರಿಯಲ್ಲಿ, ಅಂಗಡಿ ಬಾಗಿಲಿನ ನಡುವಿನಿಂದ ಶಾಲೆಯ ಹತ್ತಿರದ ಗೇಟಿನ ನಡುವಿಗೆ. ಹಾಗಾಗಿ ಹಿಂದಿನ ಗೇಟನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಒಂದು ಅಳತೆ, ಬಿಟ್ಟರೆ ಇನ್ನೊಂದು. ಸರ್ವೆಯ ದಿನ ಶಾಲೆಯ ಎಸ್‌ಡಿಎಂಸಿಯವರು ಸ್ಥಳದಲ್ಲಿ ಇದ್ದರಾ? ಪ್ರಶ್ನೆ ಅದು. ಟ್ಯುಟೋರಿಯಲ್‌ಗಳು ಈ ನಿಯಮದಲ್ಲಿ ಶಾಲೆ ಎಂದು ಲೆಕ್ಕಕ್ಕಿಲ್ಲ. ಆರಾಧನಾಲಯಕ್ಕೂ ನೋಂದಣಿಯ ಕಾಗದ ಬೇಕು. ಜಮಾಅತ್ ಕಮಿಟಿಗಳು ಆ ಫೈಲನ್ನು ಈಗಲೇ ಹುಡುಕಿ ಇಟ್ಟರೆ ಒಳ್ಳೆಯದು, ಆಮೇಲೆ ಕಪಾಟು ತಡಕಾಡುವುದಕ್ಕಿಂತ.

ಇದನ್ನು ಮುಸ್ಲಿಮರ ತಕರಾರು ಮಾಡಿಕೊಂಡರೆ ಸೋತೆವು. ನಿಯಮಕ್ಕೆ ಜಾತಿ ಇಲ್ಲ. ಅಫಜಲಪುರ ತಾಲೂಕಿನ ಭೀಮಾ ದಡದ ಘತ್ತರಗಿಯಲ್ಲಿ ಭಾಗ್ಯವಂತಿ ದೇವಿಯ ಗುಡಿಗೂ, ಅಲ್ಲಿನ ಶಾಲೆಗೂ, ನಮ್ಮೂರ ಮಸೀದಿಗೂ ಅದೇ ನೂರು ಮೀಟರ್. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ನಡೆದುಕೊಂಡೇ ಬಂದರಲ್ಲ, ಅವರಲ್ಲಿ ಹೆಚ್ಚಿನವರು ಉತ್ತರದ ಬಡ ಹಳ್ಳಿಗಳವರು. ಅವರಿಗಿಂತ ದೊಡ್ಡ ಜೊತೆಗಾರರು ನಮಗೆ ಎಲ್ಲಿ ಸಿಗುತ್ತಾರೆ?

ಅದೇ ಅಫಜಲಪುರದ ಗಡಿ ದಾಟಿದರೆ ಮಹಾರಾಷ್ಟ್ರ. ಅಲ್ಲಿ ಅಂಗಡಿ ಬೇಕೋ ಬೇಡವೋ ಅಂತ ಊರಿನ ಹೆಂಗಸರು ಗುಪ್ತ ಮತ ಹಾಕಬಹುದು. ನಿಂತ ಬಾಟಲಿಯ ಚಿತ್ರ ಅಂದರೆ ಇರಲಿ, ಮಲಗಿದ ಬಾಟಲಿ ಅಂದರೆ ಮುಚ್ಚಲಿ. ಒಟ್ಟು ಮಹಿಳಾ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಟಲಿಯನ್ನು ಮಲಗಿಸಿದರೆ ಅಂಗಡಿ ಬಂದ್. ನಮ್ಮಲ್ಲಿ ಅಂಥ ಮತವಿಲ್ಲ. ಸರಕಾರಕ್ಕೆ ಅಬಕಾರಿ ಆದಾಯ ಬೇಕು, ಎಂಎಸ್‌ಐಎಲ್ ಹೆಸರಿನಲ್ಲಿ ತಾನೇ ಅಂಗಡಿ ನಡೆಸುತ್ತದೆ, ಅದು ತಾನಾಗಿ ಕೊಡುವುದಿಲ್ಲ. ಮತ ಕೇಳಲು ಮನೆಗೆ ಬಂದವರಿಗೆ ಚಾ ಕೊಟ್ಟು ಕಳಿಸುವ ಮುಂಚೆ ನಮ್ಮ ಉಮ್ಮಂದಿರು ಈ ಒಂದು ಮಾತು ಕೇಳಲಿ: ಮಲಗಿದ ಬಾಟಲಿಗೆ ಒತ್ತುವ ಹಕ್ಕು ನಮಗೆ ಯಾವಾಗ?